ಸಾರಥಿಯಿಲ್ಲದ ರಥವೂ ಹಂಗಿಲ್ಲದ ಪಯಣವೂ

ಕನ್ನಡದಲ್ಲಿ ‘ಹಂಗು’ ಎಂಬುದು ಎರಡೇ ಅಕ್ಷರಗಳ ಮಾತು. ಆದರೆ ಅದರ ಭಾರವನ್ನು ಹೊತ್ತವರೇ ಬಲ್ಲರು. ಉಪಕಾರ ಮಾಡಿದವನು ಬಯಸದಿದ್ದರೂ ಉಪಕಾರ ಪಡೆದವನ ಬೆನ್ನೇರಿ ಕುಳಿತುಕೊಳ್ಳುವ ಅದೃಶ್ಯವಾದ ಹೊರೆಗೆ ಹಂಗೆಂದು ಹೆಸರು. ಸಾಲಕ್ಕೆ ಒಂದು ಅವಧಿಯುಂಟು, ತೀರಿಸಿದರೆ ಪತ್ರ ಹರಿಯುತ್ತದೆ. ಹಂಗಿಗೆ ಅವಧಿಯೂ ಇಲ್ಲ, ಪತ್ರವೂ ಇಲ್ಲ. ಅನ್ನದ ಹಂಗು, ಆಶ್ರಯದ ಹಂಗುಗಳನ್ನು ಕುರಿತು ನಮ್ಮ ಹಿರಿಯರು ಬಹಳವಾಗಿ ಹೇಳಿದ್ದಾರೆ. ದಾರಿಯ ಹಂಗನ್ನು ಕುರಿತು ಹೇಳಿದವರು ವಿರಳ. ಕಾಲ್ನಡಿಗೆಯ ಕಾಲದಲ್ಲಿ ಅದರ ಅನುಭವ ಅಷ್ಟಾಗಿ ಇರದಿದ್ದುದೇ ಇದಕ್ಕೆ ಕಾರಣವಿರಬೇಕು. ಅಂದು ಗುಡಿ, ಶಾಲೆ, ಸಂತೆ, ನಂಟರ ಮನೆ ಎಲ್ಲವೂ ಕಾಲಳತೆಯಲ್ಲಿದ್ದವು. ಮೋಟಾರು ವಾಹನ ಬಂದ ಮೇಲೆ ಬದುಕು ದೂರ ದೂರಕ್ಕೆ ಚಾಚಿಕೊಂಡಿತು. ಆಸ್ಪತ್ರೆ ಒಂದು ದಿಕ್ಕಿಗೆ, ಕಚೇರಿ ಇನ್ನೊಂದು ದಿಕ್ಕಿಗೆ ಆಯಿತು. ವಾಹನ ನಡೆಸಬಲ್ಲವರು, ನಡೆಸಲಾರದವರು ಎಂಬ ಎರಡು ಹೊಸ ವರ್ಗಗಳು ಹುಟ್ಟಿದವು. ಮುದುಕರು, ಕಣ್ಣು ಮಂಜಾದವರು, ಅಂಗವಿಕಲರು, ವಾಹನ ಕಲಿಯುವ ಅವಕಾಶವೇ ಒದಗದ ಹೆಂಗಸರು, ಎಳೆಯರು ಇವರೆಲ್ಲರೂ ಎರಡನೆಯ ವರ್ಗಕ್ಕೆ ಸೇರಿ, ಮನೆಯಿಂದ ಹೊರಡಬೇಕಾದಾಗಲೆಲ್ಲ ಮತ್ತೊಬ್ಬರ ಮುಖ ನೋಡಬೇಕಾಯಿತು.

ಈಗ ಜಗತ್ತಿನಲ್ಲಿ ಚಾಲಕನಿಲ್ಲದ ಕಾರು ಬಂದಿದೆ. ಯಂತ್ರದ ಚಾತುರ್ಯವನ್ನು ಕಂಡು ಬೆರಗಾಗುವವರೂ, ಅದನ್ನು ಶ್ರೀಮಂತರ ಆಟಿಕೆಯೆಂದು ತಳ್ಳಿಹಾಕುವವರೂ ಇದ್ದಾರೆ. ಆದರೆ ಅದನ್ನು ಅಳೆಯಬೇಕಾದ ಕೋಲು ಬೇರೆಯೇ ಇದೆ. ಅದು ದಾರಿಯ ಹಂಗನ್ನು ಕಳೆಯಬಲ್ಲುದೇ? ಕಳೆಯುವುದಾದರೆ ಯಾರದನ್ನು, ಎಷ್ಟರ ಮಟ್ಟಿಗೆ? ಈ ಪ್ರಶ್ನೆಯನ್ನು ಮಹಾನಗರದ ಹೆದ್ದಾರಿಯಲ್ಲಿ ನಿಂತು ಕೇಳುವುದಕ್ಕಿಂತ ಒಂದು ಹಳ್ಳಿಯ ಒಳದಾರಿಯಲ್ಲಿ ನಿಂತು ಕೇಳುವುದು ಲೇಸು. ಅದಕ್ಕೆ ದಕ್ಷಿಣ ಕನ್ನಡ ಜಿಲ್ಲೆಯ ಪೊಳಲಿಯನ್ನು ಆರಿಸಿಕೊಳ್ಳಬಹುದು.

ಹಳಗನ್ನಡದಲ್ಲಿ ‘ಪೊಳಲ್’ ಎಂದರೆ ಪಟ್ಟಣ. ತುಳುವಿನಲ್ಲಿ ಜನ ಈ ಊರನ್ನು ‘ಪುರಲ್’ ಎನ್ನುತ್ತಾರೆ. ಹೆಸರಿನಲ್ಲಿ ಪಟ್ಟಣವಿದ್ದರೂ ಇಂದು ಕಾಣುವುದು ಬಂಟ್ವಾಳ ತಾಲೂಕಿನ ಕರಿಯಂಗಳ ಗ್ರಾಮದ, ಫಲ್ಗುಣಿ ನದಿಯ ದಡದ ಒಂದು ಪ್ರಶಾಂತವಾದ ಕ್ಷೇತ್ರ. ಮಣ್ಣಿನಿಂದ ನಿರ್ಮಿತವಾದ ಶ್ರೀ ರಾಜರಾಜೇಶ್ವರಿಯ ಬೃಹನ್ಮೂರ್ತಿಯಿಂದಲೂ, ಜಾತ್ರೆಯ ಕಾಲದ ‘ಪೊಳಲಿ ಚೆಂಡು’ ಎಂಬ ಉತ್ಸವದಿಂದಲೂ ಇದು ಪ್ರಸಿದ್ಧ. ಮಂಗಳೂರಿಗೆ ಇಲ್ಲಿಂದ ಸುಮಾರು ೨೦ ಕಿಲೋಮೀಟರು. ಜಿಲ್ಲೆಗೆ ಬಸ್ಸು ಬಂದುದು ಬಹಳ ಹಿಂದೆಯೇ. ೧೯೧೪ರಲ್ಲಿ ಕೆನರಾ ಪಬ್ಲಿಕ್ ಕನ್ವೆಯನ್ಸ್ ಕಂಪನಿ, ಅಂದರೆ ಜನರ ಬಾಯಿಯ ‘ಸಿಪಿಸಿ’, ಮಂಗಳೂರಿನಲ್ಲಿ ಬಸ್ಸು ಸಂಚಾರವನ್ನು ಆರಂಭಿಸಿತು. ಅಂದಿನಿಂದ ಇಂದಿನವರೆಗೆ ಈ ನಾಡಿನ ಸಂಚಾರವನ್ನು ಬಹುಮಟ್ಟಿಗೆ ಹೊತ್ತು ನಡೆಸಿದವು ಖಾಸಗಿ ಬಸ್ಸುಗಳೇ. ೨೦೨೩ರ ಜೂನ್ ೧೧ರಂದು ರಾಜ್ಯ ಸರಕಾರ ಆರಂಭಿಸಿದ ‘ಶಕ್ತಿ’ ಯೋಜನೆ ಸರಕಾರಿ ಬಸ್ಸುಗಳಿಗೆ ಮಾತ್ರ ಅನ್ವಯಿಸುವುದರಿಂದ, ಮಹಿಳೆಯರ ಉಚಿತ ಪ್ರಯಾಣದ ಪ್ರಯೋಜನ ಖಾಸಗಿ ಬಸ್ಸುಗಳನ್ನೇ ನಂಬಿದ ಇಂತಹ ಊರುಗಳಿಗೆ ಬಯಲುಸೀಮೆಯ ಜಿಲ್ಲೆಗಳಷ್ಟು ದೊರೆಯಲಿಲ್ಲ.

ಆದರೂ ಇಲ್ಲಿನ ನಿಜವಾದ ತೊಡಕು ಬಸ್ಸಿನದಲ್ಲ. ಬಸ್ಸಿನ ಮೆಟ್ಟಿಲನ್ನು ಮುಟ್ಟುವುದು. ಬಯಲುಸೀಮೆಯಲ್ಲಿ ಮನೆಗಳು ಗುಂಪಾಗಿ ಊರಾಗುತ್ತವೆ; ಊರ ಬಾಗಿಲಿಗೆ ಬಸ್ಸು ಬಂದರೆ ಎಲ್ಲರಿಗೂ ಬಂದಂತೆ. ಕರಾವಳಿಯಲ್ಲಿ ಹಾಗಲ್ಲ. ಇಲ್ಲಿ ಒಂದೊಂದು ಮನೆಯೂ ತನ್ನ ತೋಟ, ತನ್ನ ಗದ್ದೆ, ತನ್ನ ಬಾವಿಯೊಡನೆ ಒಂಟಿಯಾಗಿ ನಿಂತಿರುತ್ತದೆ. ಅಂಗಳ ದಾಟಿ, ಅಡಕೆ ತೋಟದ ಬದಿ ಹಿಡಿದು, ಗುಡ್ಡದ ಏರನ್ನು ಹತ್ತಿ ಡಾಮರು ರಸ್ತೆಗೆ ಬರುವಷ್ಟರಲ್ಲಿ ಒಂದೆರಡು ಕಿಲೋಮೀಟರು ಕಳೆದಿರುತ್ತದೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಸೀಮೆಯಲ್ಲಿ ಆ ಏರು ಪಾಚಿಗಟ್ಟಿ ಜಾರುತ್ತದೆ. ಮಂಗಳೂರಿನವರೆಗಿನ ೨೦ ಕಿಲೋಮೀಟರನ್ನು ಕೆಲವೇ ರೂಪಾಯಿಗಳಲ್ಲಿ ಮುಗಿಸಬಹುದು. ಅಂಗಳದಿಂದ ಬಸ್ಸಿನವರೆಗಿನ ಈ ಅಲ್ಪದೂರವೇ ಮುಪ್ಪಿನವರಿಗೆ ಮಹಾಸಾಗರವಾಗುತ್ತದೆ.

ಆ ಸೀಮೆಯ ಒಬ್ಬ ನಿವೃತ್ತ ಅಧ್ಯಾಪಕರ ಬದುಕನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಎಪ್ಪತ್ತು ದಾಟಿದ ವಯಸ್ಸು. ಮೈಯಲ್ಲಿ ಬೇರೆ ರೋಗವಿಲ್ಲ. ಆದರೆ ಕಣ್ಣಿನ ಒತ್ತಡದ ಕಾಯಿಲೆ ದೃಷ್ಟಿಯ ಅಂಚುಗಳನ್ನು ಮೆಲ್ಲಮೆಲ್ಲನೆ ತಿಂದುಹಾಕಿದೆ. ೨೦೧೯ರ ತಿದ್ದುಪಡಿಯಂತೆ ಐವತ್ತೈದು ದಾಟಿದವರು ಐದೈದು ವರ್ಷಕ್ಕೊಮ್ಮೆ ವೈದ್ಯರ ಪ್ರಮಾಣಪತ್ರದೊಡನೆ ಚಾಲನಾ ಪರವಾನಗಿಯನ್ನು ನವೀಕರಿಸಿಕೊಳ್ಳಬೇಕು. ಪರವಾನಗಿ ಮುಗಿದ ದಿನ ಅವರು ತಮ್ಮ ಸ್ಕೂಟರಿನ ಕೀಲಿಕೈಯನ್ನು ತಾವಾಗಿಯೇ ಮಗನ ಕೈಗೆ ಕೊಟ್ಟರು. ಅದು ವಿವೇಕದ ಕೆಲಸವೆಂದು ಎಲ್ಲರೂ ಹೊಗಳಿದರು. ಆ ಕೀಲಿಯೊಡನೆ ಇನ್ನೇನು ಹೋಯಿತೆಂಬುದನ್ನು ಯಾರೂ ಯೋಚಿಸಲಿಲ್ಲ.

ಮನೆಯವರು ಒಳ್ಳೆಯವರು. ದೇವಸ್ಥಾನದ ಬಯಲಿನಲ್ಲಿ ಯಕ್ಷಗಾನವಿದ್ದ ಸಂಜೆ ಸೊಸೆ ಕೇಳುತ್ತಾಳೆ: “ಮಾವ, ಇವತ್ತು ಆಟ ಉಂಟಂತೆ. ಇವರು ಬಂದ ಮೇಲೆ ನಿಮ್ಮನ್ನು ಬಿಟ್ಟು ಬರುತ್ತಾರೆ, ಹೋಗುವುದಿಲ್ಲವಾ?” ಹಿರಿಯರು ಲೆಕ್ಕ ಹಾಕುತ್ತಾರೆ. ಮಗ ಮಂಗಳೂರಿನ ಕೆಲಸದಿಂದ ದಣಿದು ಬರುವವನು. ಮಧ್ಯರಾತ್ರಿಯಲ್ಲಿ ಮತ್ತೆ ಎದ್ದು ಕರೆತರಬೇಕು. ಬೆಳಿಗ್ಗೆ ಏಳಕ್ಕೆ ಅವನು ಹೊರಡಬೇಕು. “ಬೇಡ ಮಗಾ, ಯಾಕೋ ಮನಸ್ಸಿಲ್ಲ” ಎಂದು ಉತ್ತರಿಸುತ್ತಾರೆ. ದಾರಿಯಲ್ಲಿ ಸಿಕ್ಕ ರಿಕ್ಷಾದವನು ಗದರಿಸುತ್ತಾನೆ: “ಮಾಷ್ಟ್ರೇ, ಒಂದು ಫೋನು ಮಾಡಿದರೆ ಸಾಕಲ್ಲ, ನಾನು ಬರುವುದಿಲ್ಲವಾ?” ಅವನು ಬರುತ್ತಾನೆ, ಅದರಲ್ಲಿ ಸಂಶಯವಿಲ್ಲ. ಆದರೆ ಅವನು ಅವರ ಹಳೆಯ ಶಿಷ್ಯ. ಬಾಡಿಗೆ ಕೊಡಹೋದರೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ತೊಡಕು ಇರುವುದೇ ಅಲ್ಲಿ. ಹೀಗೆ ಮೊದಲು ರಾತ್ರಿಯ ಆಟ ನಿಂತಿತು, ಬಳಿಕ ತಾಳಮದ್ದಳೆ, ಬಳಿಕ ಮೂಡುಬಿದಿರೆಯ ಗೆಳೆಯನ ಮನೆ, ಕೊನೆಗೆ ವಾರದ ದೇವಿದರ್ಶನ. “ಮಾವನಿಗೆ ಈಗೀಗ ಯಾವುದರಲ್ಲೂ ಆಸಕ್ತಿ ಇಲ್ಲ, ವಯಸ್ಸಾಯಿತು” ಎಂದು ಮನೆಯವರು ತಿಳಿದರು. ಆಸಕ್ತಿ ಅಳಿದಿರಲಿಲ್ಲ, ಕೇಳಲು ಬಾಯಿ ಬಾರದಾಗಿತ್ತು. ಸಂಕೋಚವು ವೈರಾಗ್ಯದ ವೇಷ ಹಾಕಿಕೊಂಡು ಜಗಲಿಯ ಮೇಲೆ ಕುಳಿತಿತ್ತು. ಎಷ್ಟು ಮನೆಗಳ ಜಗಲಿಗಳಲ್ಲಿ ಇಂತಹ ವೈರಾಗ್ಯ ಕುಳಿತಿದೆಯೋ!

೨೦೨೪ರ ಆಗಸ್ಟ್ ತಿಂಗಳಲ್ಲಿ ಫಲ್ಗುಣಿಗೆ ಕಟ್ಟಿದ ಅಡ್ಡೂರು–ಪೊಳಲಿ ಸೇತುವೆಯ ಮೇಲೆ ಸುರಕ್ಷತೆಯ ದೃಷ್ಟಿಯಿಂದ ಭಾರೀ ವಾಹನಗಳ ಸಂಚಾರವನ್ನು ನಿಷೇಧಿಸಲಾಯಿತು. ಕೈಕಂಬದ ಕಡೆಯಿಂದ ಬರುತ್ತಿದ್ದ ಬಸ್ಸಿನ ದಾರಿ ಅದರಿಂದ ತುಂಡಾಯಿತು. ಸ್ವಂತ ವಾಹನವಿದ್ದವರಿಗೆ ಅದು ಪತ್ರಿಕೆಯ ಒಂದು ಸುದ್ದಿ ಮಾತ್ರ. ಬಸ್ಸನ್ನೇ ನಂಬಿದ್ದ ವಿದ್ಯಾರ್ಥಿಗಳಿಗೆ, ಕೂಲಿಯವರಿಗೆ, ವೃದ್ಧರಿಗೆ ಅದು ದಿನನಿತ್ಯದ ಬವಣೆ. ಒಂದೇ ಊರಿನಲ್ಲಿ, ಒಂದೇ ನದಿಯ ದಡದಲ್ಲಿ ವಾಸಿಸುವವರೊಳಗೆ ಎಷ್ಟೊಂದು ಅಂತರ!

ಇಂತಹವರ ನೆರವಿಗೆ ಯಂತ್ರವು ಬರಬಲ್ಲುದೇ ಎಂದು ನೋಡಬೇಕು. ತಾನೇ ಚಲಿಸುವ ವಾಹನದ ಕಲ್ಪನೆ ನಮಗೆ ಹೊಸತಲ್ಲ. ಕುಬೇರನ ಪುಷ್ಪಕವು ಒಡೆಯನ ಇಚ್ಛೆಯನ್ನರಿತು ನಡೆಯುತ್ತಿತ್ತು. ಶ್ರೀರಾಮನು ಅಯೋಧ್ಯೆಗೆ ಬಂದಿಳಿದ ಮೇಲೆ ಅವನ ಅಪ್ಪಣೆ ಪಡೆದು ಬರಿದಾಗಿ ತಾನೇ ಕುಬೇರನಲ್ಲಿಗೆ ಮರಳಿತು. ಕವಿಯ ಕಲ್ಪನೆಯಲ್ಲಿದ್ದುದು ಶಾಸ್ತ್ರಜ್ಞರ ಕೈಗೆ ಬರಲು ಬಹುಕಾಲ ಹಿಡಿಯಿತು. ೨೦೦೪ರ ಮಾರ್ಚಿಯಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆಯಾದ ‘ದರ್ಪಾ’ ಮೊಹಾವಿ ಮರುಭೂಮಿಯಲ್ಲಿ ಚಾಲಕನಿಲ್ಲದ ವಾಹನಗಳ ಪಂದ್ಯವನ್ನು ಏರ್ಪಡಿಸಿದಾಗ ಒಂದು ವಾಹನವೂ ಗುರಿ ಮುಟ್ಟಲಿಲ್ಲ. ಎಲ್ಲಕ್ಕಿಂತ ಮುಂದೆ ಹೋದದ್ದು ಸುಮಾರು ೧೨ ಕಿಲೋಮೀಟರಿನಲ್ಲೇ ನಿಂತುಹೋಯಿತು. ಮರುವರ್ಷ ಐದು ವಾಹನಗಳು ೨೧೨ ಕಿಲೋಮೀಟರುಗಳ ದಾರಿಯನ್ನು ಕ್ರಮಿಸಿದವು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವಾಹನ ಮೊದಲನೆಯದಾಯಿತು. ೨೦೦೯ರಲ್ಲಿ ಗೂಗಲ್ ಕಂಪನಿ ಇದೇ ಕೆಲಸವನ್ನು ಕೈಗೆತ್ತಿಕೊಂಡಿತು.

ಆ ಇತಿಹಾಸದಲ್ಲಿ ಎಲ್ಲಕ್ಕಿಂತ ನೆನಪಿಡಬೇಕಾದ ದಿನ ಯಾವುದೆಂದರೆ, ೨೦೧೫ರ ಅಕ್ಟೋಬರಿನಲ್ಲಿ ಸ್ಟೀವ್ ಮಹಾನ್ ಎಂಬವರು ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ ಅಂತಹ ಕಾರಿನಲ್ಲಿ ಒಬ್ಬರೇ ಕುಳಿತು ಹೋದ ದಿನ. ಆ ಕಾರಿಗೆ ಸ್ಟಿಯರಿಂಗ್ ಇರಲಿಲ್ಲ, ಬ್ರೇಕಿನ ಪೆಡಲೂ ಇರಲಿಲ್ಲ. ಕುಳಿತವರು ಕಣ್ಣಿನ ದೃಷ್ಟಿಯನ್ನು ಬಹುಪಾಲು ಕಳೆದುಕೊಂಡವರು. ಹಿಂದೆ ಅಂಧರ ಸಂಸ್ಥೆಯೊಂದರ ಮುಖ್ಯಸ್ಥರಾಗಿದ್ದವರು. ಸಾಮಾನ್ಯ ಬೀದಿಯಲ್ಲಿ ಅಂಧರೊಬ್ಬರು ಯಾರ ಕೈಯನ್ನೂ ಹಿಡಿಯದೆ ಕಾರಿನಲ್ಲಿ ಪಯಣಿಸಿದುದು ಯಂತ್ರದ ವಿಜಯಕ್ಕಿಂತ ಮಿಗಿಲಾಗಿ ಮನುಷ್ಯನ ಬಿಡುಗಡೆ. ಇದೇ ಪ್ರಯತ್ನದಿಂದ ಹುಟ್ಟಿದ ‘ವೇಮೊ’ ಸಂಸ್ಥೆಯ ಕಾರುಗಳು ೨೦೨೦ರ ಅಕ್ಟೋಬರಿನಿಂದ ಫೀನಿಕ್ಸ್ ಪ್ರದೇಶದಲ್ಲಿ ಚಾಲಕನಿಲ್ಲದೆಯೇ ಸಾರ್ವಜನಿಕರನ್ನು ಒಯ್ಯತೊಡಗಿದವು; ೨೦೨೪ರ ಜೂನಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಎಲ್ಲರಿಗೂ ತೆರೆದುಕೊಂಡವು.

ಇಂತಹ ಕಾರಿಗೆ ಕಣ್ಣಾಗಿ ಕ್ಯಾಮೆರಾಗಳಿವೆ. ಲೇಸರ್ ಕಿರಣಗಳನ್ನು ಸುತ್ತಲೂ ಎಸೆದು, ಅವು ಮರಳುವ ಕಾಲದಿಂದ ದೂರವನ್ನು ಅಳೆಯುವ ‘ಲಿಡಾರ್’ ಇದೆ; ರೇಡಿಯೊ ಅಲೆಗಳಿಂದ ಅದನ್ನೇ ಮಾಡುವ ರೇಡಾರ್ ಇದೆ. ದಾರಿಯ ಸೂಕ್ಷ್ಮವಾದ ನಕ್ಷೆಯನ್ನು ಮೊದಲೇ ತಯಾರಿಸಿರುತ್ತಾರೆ. ಕಂಡುದನ್ನೆಲ್ಲ ಕೂಡಿಸಿ, ಮುಂದಿರುವವನು ಯಾವ ಕಡೆಗೆ ಸರಿಯಬಹುದೆಂದು ಊಹಿಸಿ, ಕ್ಷಣಕ್ಷಣಕ್ಕೂ ಗಣಕಯಂತ್ರ ನಿರ್ಣಯ ಮಾಡುತ್ತದೆ. ಯಂತ್ರಕ್ಕೆ ನಿದ್ರೆಯಿಲ್ಲ, ಮದ್ಯದ ಅಮಲಿಲ್ಲ, ಕೋಪವಿಲ್ಲ. ೨೦೨೨ನೆಯ ಒಂದೇ ವರ್ಷದಲ್ಲಿ ಭಾರತದ ರಸ್ತೆ ಅಪಘಾತಗಳಲ್ಲಿ ೧,೬೮,೪೯೧ ಜನ ಮಡಿದರೆಂಬ ಸರಕಾರಿ ಲೆಕ್ಕವನ್ನು ನೋಡಿದವರು ಇದನ್ನು ಸಣ್ಣ ಗುಣವೆಂದು ಹೇಳಲಾರರು.

ಆದರೆ ಯಂತ್ರವೂ ತಪ್ಪುತ್ತದೆ. ೨೦೧೮ರ ಮಾರ್ಚಿಯಲ್ಲಿ ಅರಿಜೋನಾದ ಟೆಂಪಿ ನಗರದಲ್ಲಿ ರಾತ್ರಿ ಸೈಕಲ್ಲನ್ನು ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಯೊಬ್ಬಳು ಉಬರ್ ಕಂಪನಿಯ ಪರೀಕ್ಷಾ ವಾಹನ ಬಡಿದು ಸತ್ತಳು. ನಿಗಾ ನೋಡಲೆಂದು ಒಳಗೆ ಒಬ್ಬರು ಕುಳಿತಿದ್ದರೂ ಅನಾಹುತ ತಪ್ಪಲಿಲ್ಲ. ಮರುಭೂಮಿಯ ನಿಚ್ಚಳವಾದ ಬಿಸಿಲಿನಲ್ಲಿ ಕಲಿತ ಯಂತ್ರವನ್ನು ಆಷಾಢದ ಪೊಳಲಿಗೆ ತಂದು ಬಿಟ್ಟರೆ ಏನಾದೀತು? ಸುರಿಮಳೆಯ ಹನಿಗಳಿಗೆ ತಾಗಿ ಲೇಸರ್ ಕಿರಣ ಚೆದರುತ್ತದೆ. ಕ್ಯಾಮೆರಾದ ಮುಖದ ಮೇಲೆ ನೀರು ಹರಿಯುತ್ತದೆ. ರಸ್ತೆಯಂಚಿನ ಬಿಳಿಗೆರೆಯಿಲ್ಲ, ಇದ್ದರೂ ಕೆಂಪು ಕೆಸರು ಮುಚ್ಚಿದೆ. ತಿರುವಿನಲ್ಲಿ ಎದುರಿನಿಂದ ವಾಹನ ಬಂದರೆ ಯಾರು ಹಿಂದಕ್ಕೆ ಸರಿಯಬೇಕೆಂಬುದು ಇಲ್ಲಿ ಯಾವ ಪುಸ್ತಕದಲ್ಲೂ ಬರೆದಿಲ್ಲ. ಕೈಸನ್ನೆ, ದೀಪದ ಮಿಣುಕು, ಒಂದು ನಗೆ ಇಷ್ಟರಿಂದಲೇ ಅದು ಇತ್ಯರ್ಥವಾಗುತ್ತದೆ. ನಕ್ಷೆ ತಪ್ಪಿದರೆ, ಮೊಬೈಲಿನ ಸಂಕೇತ ಕಡಿದುಹೋದರೆ ಕಾರು ನಿಂತಲ್ಲೇ ನಿಲ್ಲುತ್ತದೆ. ಕರ್ಣಾರ್ಜುನ ಕಾಳಗದ ಪ್ರಸಂಗವನ್ನು ನೋಡಿದ ಕರಾವಳಿಯ ಜನಕ್ಕೆ ನಡುವೆಯೇ ರಥವಿಳಿದು ಹೋದ ಶಲ್ಯನ ಕಥೆಯನ್ನು ಹೇಳಿಕೊಡಬೇಕಾಗಿಲ್ಲ. ಕತ್ತಲೆಯ ಗುಡ್ಡದ ಏರಿನಲ್ಲಿ ಕಣ್ಣು ಕಾಣದ ಹಿರಿಯರನ್ನು ಕೂರಿಸಿಕೊಂಡು ನಿಂತುಬಿಡುವ ಕಾರು ಮತ್ತೊಬ್ಬ ಶಲ್ಯನೇ ಸರಿ.

ನಮ್ಮ ದೇಶದಲ್ಲಿ ಇನ್ನೊಂದು ಪ್ರಶ್ನೆಯೂ ಇದೆ. ೨೦೨೩ರ ಡಿಸೆಂಬರಿನಲ್ಲಿ ನಾಗಪುರದಲ್ಲಿ ಮಾತನಾಡುತ್ತ ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿಯವರು, ಚಾಲಕರ ಜೀವನೋಪಾಯಕ್ಕೆ ಕುತ್ತು ಬರುವುದರಿಂದ ಚಾಲಕರಹಿತ ಕಾರುಗಳನ್ನು ಭಾರತಕ್ಕೆ ಬರಗೊಡುವುದಿಲ್ಲವೆಂದು ಸಾರಿದರು. ಆ ಮಾತಿನ ಹಿಂದಿನ ಕಳಕಳಿ ಸಾಧುವಾದುದು. ಸ್ಟಿಯರಿಂಗ್ ಹಿಡಿದು ಸಂಸಾರವನ್ನು ಸಾಕುವವನ ಕಾಯಕವನ್ನು ಕಸಿದುಕೊಂಡು ಮತ್ತೊಬ್ಬನಿಗೆ ಸ್ವಾತಂತ್ರ್ಯ ಕೊಟ್ಟೆವೆಂದು ಬೀಗುವುದು ಧರ್ಮವಲ್ಲ. ಹಾಗೆಂದು ವಿದ್ಯೆಯ ಕಣ್ಣು ಮುಚ್ಚಿಕೊಂಡಿಲ್ಲ. ೨೦೨೫ರ ಅಕ್ಟೋಬರಿನಲ್ಲಿ ವಿಪ್ರೊ ಸಂಸ್ಥೆ, ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಆರ್.ವಿ. ಇಂಜಿನಿಯರಿಂಗ್ ಕಾಲೇಜುಗಳು ಕೂಡಿ ನಿರ್ಮಿಸಿದ ಚಾಲಕರಹಿತ ಕಾರಿನ ಪ್ರಾತ್ಯಕ್ಷಿಕೆ ಬೆಂಗಳೂರಿನಲ್ಲಿ ನಡೆಯಿತು. ಉತ್ತರಾದಿ ಮಠದ ಶ್ರೀ ಸತ್ಯಾತ್ಮತೀರ್ಥರು ಆ ಕಾರಿನಲ್ಲಿ ಕುಳಿತು ಸಾಗಿದ ದೃಶ್ಯವನ್ನು ನಾಡಿನ ಜನ ಕುತೂಹಲದಿಂದ ನೋಡಿದರು. ನಮ್ಮ ಗುಂಡಿಗಳನ್ನೂ ನಮ್ಮ ದನಗಳನ್ನೂ ಬಲ್ಲ ಯಂತ್ರವನ್ನು ನಮ್ಮವರೇ ಕಟ್ಟಬೇಕೆಂಬ ಹಂಬಲ ಅಲ್ಲಿದೆ.

ಹಾಗಾದರೆ ಪೊಳಲಿಗೆ ತಕ್ಕ ಮಾದರಿ ಎಲ್ಲಿದೆ? ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಲ್ಲ. ಜಪಾನಿನ ಫುಕುಯಿ ಪ್ರಾಂತದ ಏಹೇಜಿ ಎಂಬ ಪುಟ್ಟ ಊರಿನಲ್ಲಿದೆ. ಅದೂ ಪೊಳಲಿಯಂತೆ ಒಂದು ಕ್ಷೇತ್ರವೇ. ಝೆನ್ ಬೌದ್ಧರ ಪ್ರಾಚೀನ ಮಠದಿಂದ ಅದಕ್ಕೆ ಆ ಹೆಸರು. ಜಪಾನು ೨೦೨೩ರ ಏಪ್ರಿಲಿನಿಂದ ತನ್ನ ರಸ್ತೆ ಕಾನೂನನ್ನು ತಿದ್ದಿ, ನಿಗದಿಯಾದ ದಾರಿಯಲ್ಲಿ ಚಾಲಕನಿಲ್ಲದ ವಾಹನಕ್ಕೆ ಅನುಮತಿ ನೀಡಿತು. ಮರುತಿಂಗಳೇ ಏಹೇಜಿಯಲ್ಲಿ, ರೈಲು ಹಳಿ ಕಿತ್ತುಹೋದ ಹಳೆಯ ಹಾದಿಯ ಸುಮಾರು ೨ ಕಿಲೋಮೀಟರು ದೂರಕ್ಕೆ ಇಂತಹ ಸೇವೆ ಆರಂಭವಾಯಿತು. ಅಲ್ಲಿ ಓಡುವುದು ಬೆಡಗಿನ ಕಾರಲ್ಲ, ಏಳು ಜನ ಕೂರುವ ವಿದ್ಯುತ್ ಬಂಡಿ. ಅದರ ವೇಗ ಗಂಟೆಗೆ ೧೨ ಕಿಲೋಮೀಟರು. ನೆಲದಲ್ಲಿ ಹುದುಗಿಸಿದ ತಂತಿಯ ಗುರುತನ್ನು ಹಿಡಿದು ಅದು ಸಾಗುತ್ತದೆ. ಅದೇ ವರ್ಷದ ಅಕ್ಟೋಬರಿನಲ್ಲಿ ಬಂಡಿಯು ನಿಂತಿದ್ದ ಒಂದು ಸೈಕಲ್ಲಿಗೆ ತಾಗಿದ ಮಾತ್ರಕ್ಕೆ ಸೇವೆಯನ್ನು ನಿಲ್ಲಿಸಿ, ದೋಷವನ್ನು ತಿದ್ದಿ, ಮರುವರ್ಷ ಮತ್ತೆ ಆರಂಭಿಸಿದರು. ಆ ಎಚ್ಚರವನ್ನೂ ನಾವು ಕಲಿಯಬೇಕು.

ಇಂತಹ ಒಂದು ಬಂಡಿ ದೇವಸ್ಥಾನದ ಬಯಲಿನಿಂದ ಹೊರಟು, ನಿಗದಿಯಾದ ಒಳದಾರಿಯಲ್ಲಿ, ಮನುಷ್ಯ ನಡೆಯುವುದಕ್ಕಿಂತ ತುಸುವೇ ಬೇಗನೆ ಮನೆಮನೆಯ ತುದಿಗೆ ಹೋಗಿ ಬರುವುದಾದರೆ ದಿನಚರಿ ಹೇಗೆ ಬದಲಾದೀತು! ಬೆಳಿಗ್ಗೆ ಶಾಲೆಯ ಮಕ್ಕಳು ಬಸ್ಸಿನ ರಸ್ತೆಗೆ ಬರುತ್ತಾರೆ. ಹತ್ತು ಗಂಟೆಗೆ ಔಷಧಕ್ಕೆ ಹೋಗುವ ಅಜ್ಜಿ ಮೊಮ್ಮಗನ ರಜೆಗಾಗಿ ಕಾಯುವುದಿಲ್ಲ. ಸಂಜೆ ಹಾಲಿನ ಸೊಸೈಟಿಗೆ ಹೋಗುವ ಗೃಹಿಣಿ ಗಂಡನ ಬೈಕನ್ನು ನೆಚ್ಚುವುದಿಲ್ಲ. ಪುಷ್ಪಕದಂತೆ ಬರಿದಾಗಿಯೂ ಮರಳಬಲ್ಲ ವಾಹನವಾದುದರಿಂದ ಯಾರೂ ಅದಕ್ಕಾಗಿ ಮಧ್ಯರಾತ್ರಿಯವರೆಗೆ ಎಚ್ಚರವಿರಬೇಕಾಗಿಲ್ಲ. ಮನೆಗೊಂದು ಕಾರು ಕೊಳ್ಳುವ ಸಾಲವೂ ತಪ್ಪೀತು. ಹಿರಿಯರು ಮನಸ್ಸು ಬಂದಾಗ ಆಟಕ್ಕೆ ಹೋಗಬಹುದು. ಮನಸ್ಸಿಲ್ಲದಾಗ ನಡುವೆಯೇ ಎದ್ದು ಬರಬಹುದು. ಬೇಸರವಾದಾಗ ಎದ್ದು ಬರುವ ಅಧಿಕಾರವೂ ಸ್ವಾತಂತ್ರ್ಯದ ಒಂದು ಅಂಗವೆಂಬುದನ್ನು ಪರಾಧೀನರಾದವರೇ ಬಲ್ಲರು.

ರಿಕ್ಷಾದವನ ಗತಿಯೇನೆಂದು ಕೇಳಿದರೆ, ಬಂಡಿ ತಲುಪಲಾರದ ಕಡೆ ಇನ್ನೂ ಬಹಳವಿದೆ. ತುರ್ತಿನ ರೋಗಿಯನ್ನು ಎತ್ತಿ ಕೂರಿಸಲು, ಅಕ್ಕಿಯ ಚೀಲವನ್ನು ಅಂಗಳಕ್ಕೆ ಇಳಿಸಲು, ಮಳೆಯಲ್ಲಿ ಕೊಡೆ ಹಿಡಿಯಲು ಯಂತ್ರಕ್ಕೆ ಕೈಗಳಿಲ್ಲ. ಬಂಡಿಯನ್ನು ನೋಡಿಕೊಳ್ಳುವ, ದಾರಿಯನ್ನು ಕಾಯುವ, ಹತ್ತಿಳಿಯುವವರಿಗೆ ನೆರವಾಗುವ ಕೆಲಸವನ್ನು ಆ ದಾರಿಯ ಪ್ರತಿಯೊಂದು ಕಲ್ಲನ್ನೂ ಬಲ್ಲ ಚಾಲಕರಿಗೇ ಮೊದಲು ಕೊಡಬೇಕು. ಇಲ್ಲವಾದರೆ ಊರು ಅದನ್ನು ಒಪ್ಪಿಕೊಳ್ಳದು, ಒಪ್ಪಿಕೊಳ್ಳಲೂ ಬಾರದು.

ಇನ್ನೂ ಒಂದು ಎಚ್ಚರಿಕೆ ಅವಶ್ಯ. ಮಗನ ಹಂಗು ತಪ್ಪಿ ಕಂಪನಿಯ ಹಂಗು ಬಂದರೆ ಲಾಭವೇನು? ಎಲ್ಲಿಗೆ ಹೋದೆ, ಎಷ್ಟು ಹೊತ್ತಿಗೆ ಮರಳಿದೆ ಎಂಬ ಲೆಕ್ಕವನ್ನೆಲ್ಲ ದೂರದ ಕಚೇರಿಯೊಂದು ಇಟ್ಟುಕೊಂಡು, ಬಾಡಿಗೆಯನ್ನು ತನ್ನಿಚ್ಛೆಯಂತೆ ಏರಿಸಿ, ಲಾಭವಿಲ್ಲದ ದಿನ ಸೇವೆಯನ್ನೇ ನಿಲ್ಲಿಸಿದರೆ ಹಿರಿಯರು ಮತ್ತೆ ಜಗಲಿಗೇ ಬರಬೇಕಾದೀತು. ಕಠೋಪನಿಷತ್ತು ದೇಹವನ್ನು ರಥವೆಂದೂ, ಬುದ್ಧಿಯನ್ನು ಸಾರಥಿಯೆಂದೂ, ಆತ್ಮವನ್ನು ರಥದ ಒಡೆಯನೆಂದೂ ರೂಪಿಸುತ್ತದೆ. ಸಾರಥಿ ಯಾರೇ ಆಗಲಿ, ಮನುಷ್ಯನಾಗಲಿ ಯಂತ್ರವಾಗಲಿ, ಎಲ್ಲಿಗೆ ಹೋಗಬೇಕೆಂಬ ನಿರ್ಣಯ ರಥಿಕನದಾಗಿರಬೇಕು. ಆದುದರಿಂದ ಇಂತಹ ವಾಹನ ಗ್ರಾಮದ ಸೊತ್ತಾಗಿ, ಪಂಚಾಯಿತಿಯ ಇಲ್ಲವೇ ಸಹಕಾರ ಸಂಘದ ಆಡಳಿತದಲ್ಲಿ ಬರುವುದು ಉಚಿತ. ಸಹಕಾರ ತತ್ತ್ವದಲ್ಲಿ ಪಳಗಿದ ದಕ್ಷಿಣ ಕನ್ನಡಕ್ಕೆ ಇದು ಅಸಾಧ್ಯವಾದ ಮಾತಲ್ಲ.

ಹಂಗು ಅಳಿದರೆ ನಂಟು ಅಳಿಯುತ್ತದೆಂದು ಕೆಲವರು ಅಂಜುತ್ತಾರೆ. ಮಗ ಕರೆದುಕೊಂಡು ಹೋಗುವ ಅರ್ಧ ಗಂಟೆಯ ಮಾತುಕತೆಯೂ ಇಲ್ಲವಾದೀತೆಂಬುದು ಅವರ ಚಿಂತೆ. ವಿಚಾರ ಮಾಡಿದರೆ ನಿಜ ಬೇರೆಯಾಗಿದೆ. ಕರ್ತವ್ಯವೆಂದು ತಂದೆಯನ್ನು ಒಯ್ಯುವ ಮಗನ ಕಣ್ಣು ಕೈಗಡಿಯಾರದ ಮೇಲಿರುತ್ತದೆ. ಬೇಡಿಕೊಂಡು ಹೊರಟ ತಂದೆಯ ಮಾತು ಗಂಟಲಲ್ಲೇ ಉಳಿಯುತ್ತದೆ. ಒಯ್ಯಲೇಬೇಕಾದ ಅವಶ್ಯಕತೆ ಇಲ್ಲದ ದಿನ “ಅಪ್ಪ, ನಾನೂ ಬರುತ್ತೇನೆ” ಎಂದು ಮಗನು ಪಕ್ಕದಲ್ಲಿ ಬಂದು ಕುಳಿತರೆ, ಇಬ್ಬರ ಕೈಗಳೂ ಬಿಡುವಾಗಿರುತ್ತವೆ, ಮನಸ್ಸುಗಳೂ ಬಿಡುವಾಗಿರುತ್ತವೆ. ಹಂಗು ಕಳಚಿದಲ್ಲಿಯೇ ನಂಟಿಗೆ ಬೆಲೆ.

ವಿದ್ಯಾಸಂಸ್ಥೆಗಳಿಂದ ಹೊರಬಂದ ತರುಣರು ಇಂದು ಬೆಂಗಳೂರಿನಲ್ಲಿಯೂ ಹೊರದೇಶಗಳಲ್ಲಿಯೂ ಇಂತಹ ಯಂತ್ರಗಳ ನಿರ್ಮಾಣದಲ್ಲಿ ತೊಡಗಿದ್ದಾರೆ. ಅಗಲವಾದ ಹೆದ್ದಾರಿಗಳಲ್ಲಿ ವೇಗವಾಗಿ ಓಡುವ ಕಾರನ್ನು ಕಟ್ಟಲು ಜಗತ್ತಿನಲ್ಲಿ ಬೇಕಾದಷ್ಟು ಜನರಿದ್ದಾರೆ. ಜಾರುವ ಏರಿನಲ್ಲಿ, ಜಡಿಮಳೆಯಲ್ಲಿ, ಕಣ್ಣು ಮಂಜಾದ ಹಿರಿಯರೊಬ್ಬರನ್ನು ಮೆಲ್ಲಗೆ ಒಯ್ದು ಮೆಲ್ಲಗೆ ಮರಳಿಸುವ ಬಂಡಿಯನ್ನು ಕಟ್ಟುವವರು ಬೇಕಾಗಿದ್ದಾರೆ. ದಾನಿಗಳಾದವರು ಕೆರೆ ಕಟ್ಟಿಸಿದರು, ಅರವಟ್ಟಿಗೆ ಇಡಿಸಿದರು, ಸಾಲುಮರ ನೆಡಿಸಿದರು ಎಂದು ನಾಡಿನ ಶಾಸನಗಳು ಸಾರುತ್ತವೆ. ದಾರಿಯವರ ದಣಿವನ್ನು ನೀಗುವುದು ಅಂದು ಧರ್ಮವಾಗಿತ್ತು. ದಾರಿಯ ಹಂಗನ್ನು ನೀಗುವುದು ಇಂದಿನ ಧರ್ಮ. ಯಂತ್ರ ಬರುವುದಕ್ಕೆ ಮುನ್ನ ರಸ್ತೆಯ ಅಂಚು ಭದ್ರವಾಗಲಿ, ಸೇತುವೆ ಗಟ್ಟಿಯಾಗಲಿ, ಬಸ್ಸು ಹೊತ್ತಿಗೆ ಸರಿಯಾಗಿ ಬರಲಿ. ಇವು ಯಾವ ಹೊಸ ವಿದ್ಯೆಗೂ ಕಾಯಬೇಕಾಗಿಲ್ಲ. ಬಳಿಕ ಬರುವ ರಥಕ್ಕೆ ಸಾರಥಿಯಿರಲಿ, ಇಲ್ಲದಿರಲಿ. ಅದನ್ನೇರಿದವರು ಯಾರ ಮುಖವನ್ನೂ ನೋಡದೆ ಹೊರಟು, ತಲೆಯೆತ್ತಿ ಮನೆಗೆ ಮರಳುವಂತಾಗಲಿ.